ಚಿತ್ತಾರದ ಉಣ್ಣೆ: ಮನೆಗೂ ಮನೆಗಾಡಿಗೂ

ಅಮೆರಿಕದ ಆರೆಗನ್ ರಾಜ್ಯದ ಪೂರ್ವಭಾಗದಲ್ಲಿ ಪೆಂಡಲ್ಟನ್ ಎಂಬ ಊರಿದೆ. ಸುತ್ತಲೂ ಗೋಧಿ ಹೊಲ, ಕುರಿ ಮೇಯುವ ಬಯಲು. ಈ ಊರಿನ ಹೆಸರು ಹೊತ್ತ ಗಿರಣಿಯ ಉಣ್ಣೆ ಬಟ್ಟೆಯನ್ನು ನೂರು ವರ್ಷಗಳಿಂದ ಜನ ಅದರ ಚಿತ್ತಾರದಿಂದಲೇ ಗುರುತಿಸುತ್ತಾರೆ. ಮೆಟ್ಟಿಲುಮೆಟ್ಟಿಲಾಗಿ ಏರುವ ಅಂಚು, ವಜ್ರಾಕೃತಿ, ಬಾಣದ ಮೊನೆ, ನಕ್ಷತ್ರ, ಅಗಲ ಪಟ್ಟೆಗಳು ಅದರ ಗುರುತು. ಮೊದಲು ಹೊದಿಕೆಗೆಂದು ನೇಯ್ದ ಈ ಬಟ್ಟೆ ಈಗ ದಿಂಬಿನ ಕವರು, ಕುರ್ಚಿಯ ಮೈ, ಮಂಚದ ತಲೆಹಲಗೆ, ಕಿಟಕಿಯ ಪರದೆಗಳಿಗೆ ಬಂದಿದೆ. ಅಡುಗೆ, ನಿದ್ದೆ, ಪ್ರಯಾಣ ಎಲ್ಲವೂ ಒಂದೇ ಗಾಡಿಯಲ್ಲಿ ನಡೆಯುವ ಕ್ಯಾಂಪರ್‌ಗಳ ಒಳಗೂ ಅದು ಸೇರಿದೆ.

ಗಿರಣಿಯ ಹಿಂದಿರುವುದು ನೇಕಾರಿಕೆಯ ಕುಟುಂಬ. ಇಂಗ್ಲೆಂಡಿನ ನೇಕಾರ ಥಾಮಸ್ ಕೇ 1863ರಲ್ಲಿ ಆರೆಗನ್‌ಗೆ ಬಂದು, 1889ರಲ್ಲಿ ಸೇಲಂ ಪಟ್ಟಣದಲ್ಲಿ ತನ್ನದೇ ಉಣ್ಣೆ ಗಿರಣಿ ತೆರೆದ. ಪೆಂಡಲ್ಟನ್‌ನಲ್ಲಿ 1893ರ ಸುಮಾರಿಗೆ ಶುರುವಾದದ್ದು ಉಣ್ಣೆ ತೊಳೆಯುವ ಕಾರ್ಖಾನೆ. ಹೊದಿಕೆಯ ನೇಯ್ಗೆ ಆಮೇಲೆ ಬಂತು. ಮುಚ್ಚಿದ್ದ ಆ ಗಿರಣಿಯನ್ನು 1909ರಲ್ಲಿ ಕೈಗೆತ್ತಿಕೊಂಡವರು ಕೇಯ ಮಗಳ ಮಕ್ಕಳಾದ ಬಿಷಪ್ ಸಹೋದರರು.

ಚಿತ್ತಾರ ಮೂಡುವುದು ಜಾಕಾರ್ಡ್ ಮಗ್ಗದಲ್ಲಿ. ಫ್ರಾನ್ಸಿನ ಜೋಸೆಫ್ ಮಾರಿ ಜಾಕಾರ್ಡ್ 1804ರಲ್ಲಿ ರೂಪಿಸಿದ ಈ ವ್ಯವಸ್ಥೆಯಲ್ಲಿ, ತೂತು ಕೊರೆದ ಕಾರ್ಡುಗಳು ಯಾವ ಹಾಸು ದಾರ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂಬುದನ್ನು ಒಂದೊಂದು ಹೊಕ್ಕಿಗೂ ತೀರ್ಮಾನಿಸುತ್ತವೆ. ಇಂದು ಆ ಕೆಲಸ ಕಂಪ್ಯೂಟರಿನದು, ತತ್ವ ಬದಲಾಗಿಲ್ಲ. ಅಚ್ಚು ಹಾಕಿದ ಬಟ್ಟೆಯಲ್ಲಿ ಚಿತ್ರ ಮೇಲ್ಮೈಯಲ್ಲಷ್ಟೇ ಇರುತ್ತದೆ. ಜಾಕಾರ್ಡಿನಲ್ಲಿ ದಾರವೇ ಚಿತ್ರ. ಮುಂಭಾಗದಲ್ಲಿ ಕೆಂಪಿದ್ದ ಜಾಗ ಹಿಂಭಾಗದಲ್ಲಿ ಕಪ್ಪಾಗಿ, ಕಪ್ಪಿದ್ದದ್ದು ಕೆಂಪಾಗಿ ತಿರುಗುತ್ತದೆ. ಅಲಂಕಾರ ಮಾಡುವವರಿಗೆ ಇದೊಂದು ದೊಡ್ಡ ಅನುಕೂಲ: ಒಂದೇ ತುಂಡಿನಿಂದ ಒಂದಕ್ಕೊಂದು ಹೊಂದುವ ಎರಡು ಬಗೆಯ ದಿಂಬುಗಳನ್ನು ಹೊಲಿಯಬಹುದು.

ಈ ಹೊದಿಕೆಗಳ ಮೊದಲ ಗಿರಾಕಿಗಳು ಆ ಸೀಮೆಯ ಮೂಲನಿವಾಸಿಗಳಾದ ಯುಮಟಿಲಾ, ಕಯೂಸ್, ವಾಲಾ ವಾಲಾ, ನೆಸ್ ಪರ್ಸ್ ಜನ. ಆಮೇಲೆ ಅದು ನೈರುತ್ಯದ ನವಾಹೊ ಮತ್ತು ಇತರ ಸಮುದಾಯಗಳನ್ನೂ ಮುಟ್ಟಿತು. ಮಗು ಹುಟ್ಟಿದಾಗ, ಮದುವೆಯಲ್ಲಿ, ಹಿರಿಯರನ್ನು ಗೌರವಿಸುವಾಗ ಹೆಗಲಿಗೆ ಹೊದಿಸುವ ಉಡುಗೊರೆ ಅದು. ಹೀಗಾಗಿ ಈ ವಿನ್ಯಾಸಗಳನ್ನು ಬರೀ ‘ಕಾಡುಮನೆಯ ಶೈಲಿ’ ಎಂದು ಕಾಣುವುದು ಸರಿಯಲ್ಲ. ಮೂಲನಿವಾಸಿಗಳ ಕಲೆಯ ಛಾಯೆಯಿಂದ ಹೊರಗಿನ ಕಂಪನಿಗಳು ಲಾಭ ಮಾಡಿಕೊಳ್ಳುತ್ತವೆ ಎಂಬ ಆಕ್ಷೇಪವೂ ಇದೆ, ಅದರಲ್ಲಿ ಹುರುಳಿದೆ. ಸಿಯಾಟಲ್‌ನ ‘ಏಯ್ತ್ ಜನರೇಷನ್’ ಎಂಬ ಸಂಸ್ಥೆ ಮೂಲನಿವಾಸಿ ಕಲಾವಿದರೇ ರೂಪಿಸಿದ ಉಣ್ಣೆ ಹೊದಿಕೆಗಳನ್ನು ಮಾರುತ್ತದೆ. 2019ರಿಂದ ಅದು ಸ್ನೊಕ್ವಾಲ್ಮಿ ಬುಡಕಟ್ಟಿನ ಒಡೆತನದಲ್ಲಿದೆ. ಕೊಳ್ಳುವವರಿಗೆ ಇದು ಯೋಗ್ಯವಾದ ಇನ್ನೊಂದು ದಾರಿ. ಯಾರನ್ನೋ ಗೌರವಿಸಿ ಹೊದಿಸಿದ ಹೊದಿಕೆಗೆ ಕತ್ತರಿ ಹಾಕದೆ, ಗಜದ ಲೆಕ್ಕದಲ್ಲಿ ಸಿಗುವ ಬಟ್ಟೆಯನ್ನೋ ಗಿರಣಿಯಲ್ಲಿ ಉಳಿದ ತುಂಡುಗಳನ್ನೋ ಬಳಸುವುದು ಮೇಲು.

ಅಂದಕ್ಕಿಂತ ಮೊದಲು ಉಣ್ಣೆಯ ಗುಣವನ್ನು ನೋಡಬೇಕು. ಉಣ್ಣೆಯ ಎಳೆ ಸಹಜವಾಗಿಯೇ ಸುರುಳಿ. ಸುರುಳಿಗಳ ನಡುವೆ ಗಾಳಿ ನಿಲ್ಲುತ್ತದೆ, ಆ ಗಾಳಿಯೇ ಚಳಿಯನ್ನು ತಡೆಯುತ್ತದೆ. ಒತ್ತಿದರೆ ತಗ್ಗಿ, ಬಿಟ್ಟರೆ ಮತ್ತೆ ಉಬ್ಬುವುದರಿಂದ ದಿನವೂ ಕೂರುವ ಆಸನದಲ್ಲಿ ಬೇಗ ಸುಕ್ಕು ಬೀಳುವುದಿಲ್ಲ. ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಉಣ್ಣೆ ಮುಟ್ಟಿದರೆ ಒದ್ದೆ ಅನ್ನಿಸದು. ಬೆಂಕಿಯ ವಿಷಯದಲ್ಲೂ ಅದು ಹತ್ತಿಗಿಂತ ಸುರಕ್ಷಿತ. ಹೊತ್ತಿಕೊಳ್ಳಲು 570 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖ ಬೇಕು. ಕಿಡಿ ಬಿದ್ದರೆ ಕರಕಲಾಗುತ್ತದೆಯೇ ಹೊರತು ನೈಲಾನಿನಂತೆ ಕರಗಿ ಚರ್ಮಕ್ಕೆ ಅಂಟುವುದಿಲ್ಲ. ಒಲೆಯೂ ಹಾಸಿಗೆಯೂ ನಾಲ್ಕು ಹೆಜ್ಜೆಯೊಳಗಿರುವ ಗಾಡಿಯಲ್ಲಿ ಇದು ಸಣ್ಣ ಮಾತಲ್ಲ. ಆದರೆ ಒಳಗಿನ ಫೋಮ್ ಮತ್ತು ಪಾಲಿಯೆಸ್ಟರ್ ಲೈನಿಂಗಿಗೆ ಈ ಗುಣವಿಲ್ಲ ಎಂಬುದು ನೆನಪಿರಬೇಕು. ಜಾಕಾರ್ಡ್ ಹೊದಿಕೆಗಳಲ್ಲಿ ಹಾಸು ಹತ್ತಿಯದಿರುವುದೂ ಸಾಮಾನ್ಯ. ಪೆಂಡಲ್ಟನ್‌ನ ಹಲವು ಬಟ್ಟೆಗಳಲ್ಲಿ ಉಣ್ಣೆ ಶೇ. 82, ಹತ್ತಿ ಶೇ. 18. ಚೀಟಿ ಓದಿಯೇ ಕೊಳ್ಳಬೇಕು.

ಕೆಲಸ ಗೆಲ್ಲುವುದೂ ಸೋಲುವುದೂ ಕತ್ತರಿಸುವಾಗಲೇ. ಸಾಮಾನ್ಯ ಹೊದಿಕೆಯೊಂದು 64 ಇಂಚು ಅಗಲ, 80 ಇಂಚು ಉದ್ದ. ಬರೀ ಅಳತೆ ಹಿಡಿದರೆ ಅದರಿಂದ 20 ಇಂಚಿನ ಹನ್ನೆರಡು ಚೌಕ ಸಿಗುತ್ತವೆ. ಆದರೆ ಹಾಗೆ ಕತ್ತರಿಸಿದರೆ ನಡುವಿನ ನಕ್ಷತ್ರ ಎರಡು ಹೋಳಾಗಿ, ಒಂದು ದಿಂಬಿನ ಮೂಲೆಯಲ್ಲಿ ಅರ್ಧ, ಇನ್ನೊಂದರಲ್ಲಿ ಅರ್ಧ ಕೂರುತ್ತದೆ. ಮೊದಲು ಬಟ್ಟೆಯನ್ನು ನೆಲಕ್ಕೆ ಹಾಸಿ, ಬೇಕಾದ ಅಳತೆಯ ಕಿಂಡಿ ಕೊರೆದ ರಟ್ಟನ್ನು ಅದರ ಮೇಲೆ ಸರಿಸುತ್ತಾ, ಯಾವ ಆಕೃತಿ ನಡುವೆ ಬರುತ್ತದೆಂದು ನೋಡಬೇಕು. ಎಂಟೇ ತುಂಡು ಸಿಕ್ಕರೂ ಆ ಎಂಟೂ ಪೂರ್ತಿ ಚಿತ್ರಗಳಾಗಿರಲಿ. ಬಟ್ಟೆ ಉಳಿಸುವ ಆಸೆಗೆ ಚಿತ್ತಾರವನ್ನು ಬಲಿಕೊಡಬಾರದು. ಪುಟ್ಟ ಕೋಣೆಗೆ ಪುಟ್ಟ ಚಿತ್ತಾರವೇ ಬೇಕೆಂಬ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. ಉಳಿದೆಲ್ಲ ಒಂದೇ ಬಣ್ಣದಲ್ಲಿ ಶಾಂತವಾಗಿದ್ದರೆ, ಒಂದು ಕಡೆ ದೊಡ್ಡ ಚಿತ್ತಾರ ಇಟ್ಟಾಗ ಕ್ಯಾಂಪರ್ ಇಕ್ಕಟ್ಟಾಗಿ ಕಾಣುವುದಿಲ್ಲ. ಆಸನ, ಪರದೆ, ದಿಂಬು ಮೂರರಲ್ಲೂ ಅದನ್ನೇ ತುಂಬಿದಾಗ ಮಾತ್ರ ಕಣ್ಣಿಗೆ ಉಸಿರಾಡಲು ಜಾಗ ಇರುವುದಿಲ್ಲ.

ಹೊಲಿಯುವ ಮೊದಲು ಬಟ್ಟೆಗೆ ಹಬೆಯ ಇಸ್ತ್ರಿ ಕೊಟ್ಟು ಕುಗ್ಗುವಷ್ಟು ಕುಗ್ಗಲು ಬಿಡಬೇಕು. ಉಣ್ಣೆಯ ಮೇಲ್ಮೈಯ ಸಣ್ಣ ಹುರುಪೆಗಳು ಬಿಸಿನೀರು, ಸೋಪು, ತಿಕ್ಕಾಟ ಸೇರಿದಾಗ ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ದಪ್ಪಗಾಗಿ ಕುಗ್ಗುತ್ತದೆ. ವಾಷಿಂಗ್ ಮಷಿನ್ ನಿಷಿದ್ಧ ಎನ್ನುವುದು ಇದಕ್ಕೇ. ದಪ್ಪ ಬಟ್ಟೆಗೆ ದಪ್ಪ ಸೂಜಿ, ತುಸು ಉದ್ದದ ಹೊಲಿಗೆ, ಮೇಲಿನ ಕೆಳಗಿನ ಪದರಗಳನ್ನು ಒಟ್ಟಿಗೆ ಸಾಗಿಸುವ ಪಾದ ಬೇಕು. ಕತ್ತರಿಸಿದ ಅಂಚಿನಿಂದ ದಾರ ಬಿಚ್ಚದಂತೆ ಓವರ್‌ಲಾಕ್ ಮಾಡುವುದು ಒಳ್ಳೆಯದು. ಎರಡು ಮಡಿಕೆಯ ಅಂಚು ಗಡುಸಾಗುವುದರಿಂದ ಪಟ್ಟಿ ಹಚ್ಚಿ ಮುಗಿಸಿದರೆ ಸೊಗಸು. ದಿಂಬಿನ ಕವರನ್ನು ಒಳದಿಂಬಿಗಿಂತ ಒಂದಿಂಚು ಚಿಕ್ಕದಾಗಿ ಹೊಲಿದರೆ ಮೂಲೆಗಳು ಜೋತುಬೀಳುವುದಿಲ್ಲ.

ಕ್ಯಾಂಪರಿನ ಲೆಕ್ಕ ಬೇರೆ. ವಾಲಿ ಬೈಯಂ 1930ರ ದಶಕದಲ್ಲಿ ಕಟ್ಟಿದ ಏರ್‌ಸ್ಟ್ರೀಮ್ ಗಾಡಿಗಳ ಮೈ ಅಲ್ಯೂಮಿನಿಯಂ. ರಾತ್ರಿ ಹೊರಗೆ ಕೊರೆಯುವಾಗ ಒಳಗಿನವರ ಉಸಿರಿನ ತೇವ ಲೋಹದ ಗೋಡೆಗೂ ಗಾಜಿಗೂ ತಾಗಿ ಹನಿಗಟ್ಟುತ್ತದೆ. ಇಂಥಲ್ಲಿ ಲೈನಿಂಗ್ ಹಾಕಿದ ಉಣ್ಣೆ ಪರದೆ ತಂಪನ್ನು ತಡೆಯುತ್ತದೆ, ಗಾಳಿಯ ತೇವವನ್ನು ಒಂದಿಷ್ಟು ಹೀರುತ್ತದೆ. ಆದರೆ ಒದ್ದೆ ಗಾಜಿಗೆ ಅಂಟಿ ನಿಂತರೆ ಬೂಸಲು ಹಿಡಿದೀತು. ನಡುವೆ ಬೆರಳಗಲ ಜಾಗ ಬಿಟ್ಟು, ಬೆಳಿಗ್ಗೆ ತೆರೆದಿಡಬೇಕು. ಗಾಡಿ ಕುಲುಕುವಾಗ ಪರದೆ ಜಾರದಂತೆ ಮೇಲೂ ಕೆಳಗೂ ಕಂಬಿ ಇರಲಿ. ಆಸನದ ಕವರಿಗೆ ಜಿಪ್ ಕಡ್ಡಾಯ, ಬಿಚ್ಚಿ ಒಗೆಸಲು. ಉಜ್ಜಾಟ ಹೆಚ್ಚಿರುವ ಆಸನದ ಮೇಲ್ಭಾಗಕ್ಕೆ ಬಿಗಿ ನೇಯ್ಗೆಯ ಗಟ್ಟಿ ಬಟ್ಟೆ ಹಾಕಿ, ಜುಂಗು ಎಬ್ಬಿಸಿದ ಮೆತ್ತನೆಯ ಹೊದಿಕೆ ಬಟ್ಟೆಯನ್ನು ಬೆನ್ನೊರಗಿಗೂ ದಿಂಬಿಗೂ ಬಳಸಿದರೆ ಬಾಳಿಕೆ ಹೆಚ್ಚು. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಗೆ ನೂರು ತುಂಬಿದ 2016ರಲ್ಲಿ ಏರ್‌ಸ್ಟ್ರೀಮ್ ಮತ್ತು ಪೆಂಡಲ್ಟನ್ ಸೇರಿ ವಿಶೇಷ ಗಾಡಿಯೊಂದನ್ನು ಹೊರತಂದವು. ಹಳೆಯ ಗಾಡಿಗಳನ್ನು ತಾವೇ ದುರಸ್ತಿ ಮಾಡುವವರು ಅದಕ್ಕೂ ಎಷ್ಟೋ ಮೊದಲಿನಿಂದ ಈ ಬಟ್ಟೆಯನ್ನು ಹಚ್ಚುತ್ತಿದ್ದರು.

ಬಿಸಿಲು ಬಣ್ಣವನ್ನು ತಿನ್ನುತ್ತದೆ, ನುಸಿ ಉಣ್ಣೆಯನ್ನೇ ತಿನ್ನುತ್ತದೆ. ಹಾನಿ ಮಾಡುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಕತ್ತಲು, ಬೆವರಿನ ಕಲೆ, ತಿಂಗಳುಗಟ್ಟಲೆ ಅಲುಗದ ಜಾಗ ಅದಕ್ಕೆ ಇಷ್ಟ. ಚಳಿಗಾಲಕ್ಕೆ ಮುಚ್ಚಿಟ್ಟ ಕ್ಯಾಂಪರ್ ಎಂದರೆ ಸರಿಯಾಗಿ ಇದೇ. ಗಾಡಿ ನಿಲ್ಲಿಸುವ ಮೊದಲು ಕವರುಗಳನ್ನು ಬಿಚ್ಚಿ, ಬ್ರಷ್‌ನಿಂದ ಕೊಡವಿ, ಶುಚಿ ಮಾಡಿಸಿ, ಗಾಳಿಯಾಡದ ಚೀಲದಲ್ಲಿ ಮನೆಯೊಳಗೆ ಇಡಬೇಕು. ಅನುಮಾನವಿದ್ದ ತುಂಡನ್ನು ಡೀಪ್ ಫ್ರೀಜರಿನಲ್ಲಿ ಒಂದೆರಡು ವಾರ ಇಟ್ಟರೆ ಮೊಟ್ಟೆಯೂ ಹುಳುವೂ ಸಾಯುತ್ತವೆ.

ಕರ್ನಾಟಕದಲ್ಲಿ ಇದೇ ಕೆಲಸಕ್ಕೆ ಕೈಗೆಟುಕುವುದು ಡೆಕ್ಕನಿ ಕುರಿಯ ಕಂಬಳಿ. ಚಳ್ಳಕೆರೆಯ ಕಡೆ ನೇಯುವ ಈ ಕಂಬಳಿಯ ಹಾಸಿಗೆ ಹುಣಸೆ ಬೀಜದ ಗಂಜಿ ಕೊಡುತ್ತಾರೆ. ಕಪ್ಪು, ಕಂದು, ಬೂದು ಎಲ್ಲವೂ ಕುರಿಯ ಮೈಬಣ್ಣವೇ, ಚಿತ್ತಾರ ಅಂಚಿನ ಪಟ್ಟೆಗಷ್ಟೇ ಸೀಮಿತ. ಉಣ್ಣೆ ಒರಟಾದ್ದರಿಂದ ಮೈಗೆ ತಾಗುವ ದಿಂಬಿಗಿಂತ ನೆಲಹಾಸು, ಗೋಡೆಯ ತೂಗುಬಟ್ಟೆ, ದಿವಾನದ ಮೇಲುಹಾಸಿಗೆ ಒಪ್ಪುತ್ತದೆ. ಪಟ್ಟೆಯ ಅಂಚು ಎದುರಿಗೆ ಬರುವಂತೆ ಹಾಸಿದರೆ ಅದರ ಗಾಂಭೀರ್ಯಕ್ಕೆ ಬೇರೆ ಅಲಂಕಾರ ಬೇಡ.

ಕತ್ತರಿಸಿ ಉಳಿದ ಚೂರುಗಳೂ ವ್ಯರ್ಥವಲ್ಲ. ಬಿಸಿ ಪಾತ್ರೆಯ ಕೆಳಗಿಡುವ ಹಾಸು, ನೀರಿನ ಬಾಟಲಿಯ ಕವಚ, ಅಲಮಾರಿನಲ್ಲಿ ತಟ್ಟೆಗಳು ತಾಗಿ ಸದ್ದಾಗದಂತೆ ನಡುವೆ ಇಡುವ ತುಂಡು, ಎಲ್ಲಕ್ಕೂ ಬರುತ್ತವೆ. ಪೆಂಡಲ್ಟನ್‌ನ ಮಗ್ಗಗಳಿಂದ ಕತ್ತರಿಸಿ ತೆಗೆದ ಅಂಚಿನ ಉದ್ದುದ್ದ ಎಳೆಗಳನ್ನೂ ನೇಕಾರರು ಕೊಂಡೊಯ್ದು, ಹೊಕ್ಕಾಗಿ ಬಳಸಿ ದಪ್ಪ ಜಮಖಾನೆಗಳನ್ನು ನೇಯುತ್ತಾರೆ.