ಕೊಡಗೆಯಿಂದ ಹಕ್ಕಿಗೆ: ಕಾಮಗಾರಿಯ ಅಪಘಾತಗಳೂ ನಷ್ಟಪರಿಹಾರದ ಕಾಯಿದೆಯೂ

ಕನ್ನಡ ನಾಡಿನ ಶಿಲಾಶಾಸನಗಳನ್ನು ಅಭ್ಯಾಸ ಮಾಡಿದವರಿಗೆ ‘ನೆತ್ತರುಗೊಡಗೆ’ ಎಂಬ ಮಾತು ಅಪರಿಚಿತವಾದುದಲ್ಲ. ಒಡೆಯನಿಗಾಗಿ, ಊರಿಗಾಗಿ ಕಾದಿ ಮಡಿದವನ ಮನೆಯವರಿಗೆ ಬಿಟ್ಟ ಭೂಮಿಗೆ ಆ ಹೆಸರು. ಸುರಿದ ನೆತ್ತರಿಗೆ ಬೆಲೆಯುಂಟು, ಸತ್ತವನ ಸಂಸಾರ ನಿರ್ಗತಿಕವಾಗಬಾರದು ಎಂಬ ಭಾವನೆ ನಮ್ಮಲ್ಲಿ ಬಹು ಪ್ರಾಚೀನವೆಂಬುದಕ್ಕೆ ಅದು ಸಾಕ್ಷಿ. ಆದರೆ ಅದು ಕೊಡಗೆ. ಕೊಡುವವನ ಮನಸ್ಸನ್ನು ಅವಲಂಬಿಸಿದ್ದುದು. ಮಡಿದವನ ಹೆಂಡತಿ ಅದನ್ನು ನ್ಯಾಯಸ್ಥಾನದಲ್ಲಿ ನಿಂತು ಕೇಳಿ ಪಡೆಯುವಂತಿರಲಿಲ್ಲ. ಇಂದು ಕ್ರೇನು ಉರುಳಿ, ಸಾರವೆ ಕುಸಿದು ಕೂಲಿಕಾರರು ಸತ್ತಾಗ ಪತ್ರಿಕೆಗಳಲ್ಲಿ ‘ಪರಿಹಾರ ಘೋಷಣೆ’ ಎಂಬ ಸುದ್ದಿಯನ್ನು ಕಾಣುತ್ತೇವೆ. ಹಾಗೆ ಘೋಷಿತವಾಗುವುದು ಕೊಡಗೆಯೋ ಹಕ್ಕೋ? ಈ ಪ್ರಶ್ನೆಯನ್ನು ಇತಿಹಾಸದ ದೃಷ್ಟಿಯಿಂದ ವಿವೇಚಿಸುವುದೇ ಈ ಲೇಖನದ ಉದ್ದೇಶ.

ಜಯಪುರದ ಸುತ್ತಣ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳು ತೋಟದ ಸೀಮೆ. ಮುಗಿಲು ಮುಟ್ಟುವ ಕ್ರೇನುಗಳು ಇಲ್ಲಿ ಕಾಣಿಸವು. ಆದರೆ ಕಾಯಿದೆ ಕೇಳುವುದು ಕ್ರೇನಿನ ಎತ್ತರವನ್ನಲ್ಲ. ದುಡಿಸಿದವನಾರು, ದುಡಿದವನಾರು, ಹಾನಿ ದುಡಿಮೆಯಿಂದ ಒದಗಿತೇ ಎಂಬುದನ್ನು. ಆದುದರಿಂದ ನಗರದ ಕಾಮಗಾರಿಗೂ ಮಲೆನಾಡಿನ ಲೈನು ಮನೆಗೂ ಈ ವಿಷಯ ಸಮಾನವಾಗಿ ಅನ್ವಯಿಸುತ್ತದೆ.

ಮೊದಲು ಕ್ರೇನು ಉರುಳುವ ಬಗೆಯನ್ನು ನೋಡೋಣ. ನಮ್ಮ ಹಳ್ಳಿಗಳ ಏತವನ್ನು ಕಂಡವರಿಗೆ ಇದರ ತತ್ತ್ವ ಸುಲಭವಾಗಿ ತಿಳಿಯುತ್ತದೆ. ಒಂದೇ ಭಾರ ಆಧಾರದ ಹತ್ತಿರವಿದ್ದಾಗ ಹಗುರ, ದೂರ ಸರಿದಷ್ಟೂ ಬಲವತ್ತರ. ಕ್ರೇನು ತನ್ನ ಬುಡದ ಬಳಿ ನಿರಾಯಾಸವಾಗಿ ಎತ್ತುವ ತೂಕವನ್ನು ತೋಳು ಚಾಚಿದಾಗ ಎತ್ತಲಾರದು; ಎತ್ತಲು ಹೋದರೆ ತಾನೇ ಮಗುಚುತ್ತದೆ. ಇದಕ್ಕೆ ನೆಲದ ಸಡಿಲಿಕೆ, ಗಾಳಿಯ ಒತ್ತಡ, ಬಿಡಿಭಾಗಗಳನ್ನು ಜೋಡಿಸುವಾಗಲೂ ಕಳಚುವಾಗಲೂ ಆಗುವ ತಪ್ಪುಗಳು ಸೇರಿಕೊಳ್ಳುತ್ತವೆ. ಇವುಗಳಲ್ಲಿ ಬಹುಪಾಲು ಮುಂಚಿತವಾಗಿ ಲೆಕ್ಕ ಹಾಕಬಹುದಾದವು. ಆದ ಕಾರಣ ಇಂಥ ದುರಂತಗಳನ್ನೆಲ್ಲ ವಿಧಿಯ ತಲೆಗೆ ಕಟ್ಟುವುದು ಸಮಂಜಸವಲ್ಲ.

ಕೆಲವು ನಿದರ್ಶನಗಳನ್ನು ಕೊಡಬಹುದು. 2015ರ ಸೆಪ್ಟೆಂಬರ್ 11ರಂದು ಮೆಕ್ಕಾದ ಮಹಾಮಸೀದಿಯ ವಿಸ್ತರಣೆಯ ಕಾಮಗಾರಿಯಲ್ಲಿ ಬಿರುಗಾಳಿಗೆ ಕ್ರೇನು ಉರುಳಿ ನೂರಕ್ಕೂ ಹೆಚ್ಚು ಜನ ಮಡಿದರು. ಅವರಲ್ಲಿ ಭಾರತದ ಯಾತ್ರಿಕರೂ ಇದ್ದರು. 2020ರ ಆಗಸ್ಟ್ 1ರಂದು ವಿಶಾಖಪಟ್ಟಣದ ಹಡಗುಕಟ್ಟೆಯಲ್ಲಿ ಕ್ರೇನಿನ ಭಾರಪರೀಕ್ಷೆಯ ವೇಳೆಯಲ್ಲಿಯೇ ಅದು ಕುಸಿದು 11 ಮಂದಿ ಸತ್ತರು. 2023ರ ಆಗಸ್ಟ್ 1ರ ನಸುಕಿನಲ್ಲಿ ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಶಹಾಪುರದ ಬಳಿ ಸಮೃದ್ಧಿ ಹೆದ್ದಾರಿಯ ಸೇತುವೆಗೆ ತೊಲೆಗಳನ್ನೇರಿಸುವ ಯಂತ್ರ ಬಿದ್ದು 20 ಮಂದಿ ಪ್ರಾಣ ತೆತ್ತರು. ಶಹಾಪುರದಲ್ಲಿ ಮಡಿದವರ ಕುಟುಂಬಗಳಿಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿಗಳನ್ನೂ ಕೇಂದ್ರ 2 ಲಕ್ಷ ರೂಪಾಯಿಗಳನ್ನೂ ಘೋಷಿಸಿದವು. ಇವು ಅನುಗ್ರಹಧನಗಳು, ನಮ್ಮ ಪರಿಭಾಷೆಯಲ್ಲಿ ಕೊಡಗೆಗಳು. ಕಾಯಿದೆಯ ಪರಿಹಾರ ಇವುಗಳಿಂದ ಬೇರೆಯಾದುದು.

ಆ ಬೇರೆಯ ಹಕ್ಕು ಹುಟ್ಟಿದ ಬಗೆಯನ್ನು ತಿಳಿಯಲು ಇಂಗ್ಲೆಂಡಿನ ಕಡೆಗೆ ತಿರುಗಬೇಕು. 1837ರಲ್ಲಿ ಅಲ್ಲಿನ ನ್ಯಾಯಾಲಯವೊಂದು, ಅತಿಭಾರದ ಬಂಡಿಯಿಂದ ಬಿದ್ದು ಗಾಯಗೊಂಡ ಸೇವಕನ ದಾವೆಯನ್ನು ತಳ್ಳಿಹಾಕಿತು. ಈ ತೀರ್ಪಿನಿಂದ ಬೆಳೆದ ‘ಸಹೋದ್ಯೋಗ’ ನ್ಯಾಯದ ಪ್ರಕಾರ, ಒಬ್ಬ ಸೇವಕನ ತಪ್ಪಿನಿಂದ ಮತ್ತೊಬ್ಬ ಸೇವಕನಿಗೆ ಹಾನಿಯಾದರೆ ಒಡೆಯ ಹೊಣೆಗಾರನಲ್ಲ. ಇದನ್ನು ಕ್ರೇನಿಗೆ ಅನ್ವಯಿಸಿದರೆ, ಚಾಲಕನ ಪ್ರಮಾದದಿಂದ ಕೆಳಗಿದ್ದ ಗಾರೆಯವನು ಸತ್ತಾಗ ಇಬ್ಬರನ್ನೂ ದುಡಿಸಿಕೊಂಡ ಒಡೆಯ ಪಾರಾಗುತ್ತಿದ್ದನು. 1846ರ ಪ್ರಾಣಾಂತಿಕ ಅಪಘಾತಗಳ ಕಾಯಿದೆ ಮೃತರ ಕುಟುಂಬಕ್ಕೆ ದಾವೆಯ ಹಕ್ಕನ್ನು ಕೊಟ್ಟಿತು. ಅದೇ ಮಾದರಿಯ ಕಾಯಿದೆ 1855ರಲ್ಲಿ ಭಾರತದಲ್ಲಿಯೂ ಬಂದಿತು. ಆದರೆ ಎದುರಾಳಿಯ ತಪ್ಪನ್ನು ರುಜುವಾತು ಮಾಡುವ ಭಾರ ವಾದಿಯ ಮೇಲೆಯೇ ಉಳಿಯಿತು. 1884ರಲ್ಲಿ ಜರ್ಮನಿ ಅಪಘಾತ ವಿಮೆಯನ್ನೂ, 1897ರಲ್ಲಿ ಇಂಗ್ಲೆಂಡು ಕಾರ್ಮಿಕರ ಪರಿಹಾರ ಕಾಯಿದೆಯನ್ನೂ ಅಂಗೀಕರಿಸಿದ ಮೇಲೆ ದೃಷ್ಟಿ ಬದಲಾಯಿತು. ‘ತಪ್ಪು ಯಾರದು?’ ಎಂಬುದರ ಸ್ಥಾನದಲ್ಲಿ ‘ಗಾಯ ಕೆಲಸದಿಂದ ಒದಗಿತೇ?’ ಎಂಬ ಪ್ರಶ್ನೆ ನಿಂತಿತು.

ಭಾರತದ ಕಾರ್ಮಿಕರ ಪರಿಹಾರ ಕಾಯಿದೆ 1923ರಲ್ಲಿ ಅಂಗೀಕೃತವಾಗಿ 1924ರ ಜುಲೈ 1ರಂದು ಜಾರಿಗೆ ಬಂದಿತು. ಪ್ರಾರಂಭದಲ್ಲಿ ವಯಸ್ಕ ಕೆಲಸಗಾರನ ಮರಣಕ್ಕೆ 30 ತಿಂಗಳ ಕೂಲಿ ಅಥವಾ 2,500 ರೂಪಾಯಿ, ಇವುಗಳಲ್ಲಿ ಕಡಿಮೆಯಾದುದು ಸಲ್ಲುತ್ತಿತ್ತು. 1984ರ ತಿದ್ದುಪಡಿಯು ಕೂಲಿಯ ಜೊತೆಗೆ ವಯಸ್ಸನ್ನೂ ಗಣನೆಗೆ ತಂದಿತು. 2000ದ ತಿದ್ದುಪಡಿಯು, ಅಂದಂದಿನ ಕೆಲಸಕ್ಕೆ ಬಂದವರನ್ನು ಹೊರಗಿಟ್ಟಿದ್ದ ಮಾತನ್ನು ತೆಗೆದುಹಾಕಿತು. 2009ರ ತಿದ್ದುಪಡಿಯಿಂದ ಕಾಯಿದೆಯ ಹೆಸರೇ ನೌಕರರ ಪರಿಹಾರ ಕಾಯಿದೆ ಎಂದು ಬದಲಾಯಿತು.

ಲೆಕ್ಕವನ್ನು ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಮರಣದ ಸಂದರ್ಭದಲ್ಲಿ ತಿಂಗಳ ಕೂಲಿಯ ಶೇಕಡ 50ನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸತಕ್ಕದ್ದು. 30 ವರ್ಷದವನಿಗೆ ಆ ಗುಣಕ 207.98. 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯಬಹುದಾದ ಕೂಲಿಯ ಮಿತಿ 15,000 ರೂಪಾಯಿ. ಅಷ್ಟು ಸಂಪಾದಿಸುತ್ತಿದ್ದ 30 ವರ್ಷದವನು 2023ರಲ್ಲಿ ಕಾಮಗಾರಿಯಲ್ಲಿ ಮಡಿದಿದ್ದರೆ, 7,500ನ್ನು 207.98ರಿಂದ ಗುಣಿಸಿ ಬರುವ 15,59,850 ರೂಪಾಯಿ ಅವನ ಅವಲಂಬಿತರಿಗೆ ಸಲ್ಲತಕ್ಕದ್ದು. ಶಹಾಪುರದ ಎರಡು ಘೋಷಣೆಗಳನ್ನು ಕೂಡಿಸಿದರೂ ಇದರ ಅರ್ಧವಾಗದು. ಅನುಗ್ರಹಧನವನ್ನೇ ಪೂರ್ಣ ಪರಿಹಾರವೆಂದು ಭಾವಿಸಿ ಸುಮ್ಮನಾಗುವ ಸಂಸಾರ ಎಷ್ಟನ್ನು ಕಳೆದುಕೊಳ್ಳುತ್ತದೆಂಬುದು ಇದರಿಂದ ವೇದ್ಯವಾಗುತ್ತದೆ.

ಈ ಕಾಯಿದೆಯಲ್ಲಿ ಇನ್ನೂ ಕೆಲವು ರಕ್ಷಣೆಗಳಿದ್ದವು. ಗುತ್ತಿಗೆದಾರನ ಮೂಲಕ ದುಡಿಸಿದರೂ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಹೊಣೆ. ಅವನು ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದಾಗಿತ್ತು. ಮರಣದ ಪರಿಹಾರವನ್ನು ಕಮಿಷನರರಲ್ಲಿಯೇ ಠೇವಣಿಯಿಡಬೇಕಾಗಿದ್ದಿತು. ಮನೆಯವರ ಕೈಗೆ ಅಷ್ಟಿಷ್ಟು ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ ಹೊಣೆ ತೀರುತ್ತಿರಲಿಲ್ಲ. ‘ಪರಿಹಾರ ಕೇಳುವುದಿಲ್ಲ’ ಎಂದು ಮೊದಲೇ ಬರೆಸಿಕೊಂಡ ಕರಾರು ಅಸಿಂಧು. ಹಣ ತಡವಾದರೆ ಶೇಕಡ 12ರ ಬಡ್ಡಿಯನ್ನೂ, ತಕ್ಕ ಕಾರಣವಿಲ್ಲದಿದ್ದರೆ ಪರಿಹಾರದ ಅರ್ಧದವರೆಗೆ ದಂಡವನ್ನೂ ತೆರಬೇಕಾಗಿತ್ತು. ಅರ್ಜಿಗೆ ಎರಡು ವರ್ಷಗಳ ಅವಧಿಯಿದ್ದಿತು.

ನ್ಯಾಯಾಲಯಗಳೂ ಈ ತತ್ತ್ವವನ್ನು ವಿಶಾಲಗೊಳಿಸಿದುವು. ಚಿತ್ರಮಂದಿರವೊಂದರ ಅಲಂಕರಣದ ಕೆಲಸದಲ್ಲಿ ಬಿದ್ದು ಎಡಗೈಯನ್ನು ಮೊಣಕೈಯ ಮೇಲಿನಿಂದ ಕಳೆದುಕೊಂಡ ಬಡಗಿಯೊಬ್ಬನ ಮೊಕದ್ದಮೆಯಲ್ಲಿ, 1975ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ನಾಲ್ವರು ನ್ಯಾಯಮೂರ್ತಿಗಳ ಪೀಠ ಎರಡು ಮುಖ್ಯ ಮಾತುಗಳನ್ನು ಹೇಳಿತು. ಒಂದು ಕೈಯಿಂದ ಬಡಗಿತನ ಸಾಗದಾದುದರಿಂದ ಆ ನಷ್ಟ ಸಂಪೂರ್ಣ ನಷ್ಟವೇ ಸರಿ. ಮತ್ತು ಪರಿಹಾರದ ಋಣ ಹುಟ್ಟುವುದು ತೀರ್ಪಿನ ದಿನದಂದಲ್ಲ, ಅಪಘಾತದ ದಿನದಂದೇ.

ಆದರೆ ಕೆಲಸಗಾರನಲ್ಲದ ದಾರಿಹೋಕನ ಗತಿಯೇನು? 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೊ ಕಂಬಕ್ಕಾಗಿ ನಿಲ್ಲಿಸಿದ್ದ ಕಬ್ಬಿಣದ ಸಲಾಕೆಗಳ ಚೌಕಟ್ಟು ರಸ್ತೆಗೆ ಉರುಳಿ, ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿಯೂ ಎಳೆಯ ಮಗನೂ ಅಸುನೀಗಿದರು. ಮೆಟ್ರೊ ನಿಗಮ 20 ಲಕ್ಷ, ಮುಖ್ಯಮಂತ್ರಿಗಳು 10 ಲಕ್ಷ ರೂಪಾಯಿಗಳನ್ನು ಘೋಷಿಸಿದರು. ಉಚ್ಚ ನ್ಯಾಯಾಲಯ ತಾನಾಗಿಯೇ ವಿಚಾರಣೆಯನ್ನು ಕೈಗೆತ್ತಿಕೊಂಡಿತು. ಇಂಥವರಿಗೆ ಕಾರ್ಮಿಕ ಕಾಯಿದೆಯ ಸುಗಮ ಮಾರ್ಗ ತೆರೆದಿಲ್ಲ. ಅವರು 1855ರ ಕಾಯಿದೆಯಂತೆ ಸಿವಿಲ್ ನ್ಯಾಯಾಲಯಕ್ಕೆ, ಮರಣದಿಂದ ಎರಡು ವರ್ಷಗಳೊಳಗೆ, ಹೋಗಬೇಕು. ಇಲ್ಲವೆ ಸಾರ್ವಜನಿಕ ಸಂಸ್ಥೆಯ ವಿರುದ್ಧ ಉಚ್ಚ ನ್ಯಾಯಾಲಯದ ಮೊರೆಹೊಗಬೇಕು. ಅಪಾಯಕರ ಉದ್ಯಮ ನಡೆಸುವವನು ತನ್ನ ತಪ್ಪಿರಲಿ ಇಲ್ಲದಿರಲಿ ಹಾನಿಗೆ ಸಂಪೂರ್ಣ ಹೊಣೆ ಎಂದು ಸರ್ವೋಚ್ಚ ನ್ಯಾಯಾಲಯ 1986ರಲ್ಲಿ, ದೆಹಲಿಯ ವಿಷಾನಿಲ ಸೋರಿಕೆಯ ಮೊಕದ್ದಮೆಯಲ್ಲಿ, ಸಾರಿತು. ಜನನಿಬಿಡ ರಸ್ತೆಯ ನೆತ್ತಿಯ ಮೇಲೆ ನೂರಾರು ಮಣ ಕಬ್ಬಿಣವನ್ನೆತ್ತುವ ಕಾಮಗಾರಿಗೂ ಆ ತತ್ತ್ವವನ್ನು ಅನ್ವಯಿಸುವುದು ನ್ಯಾಯವೆಂದು ನಮ್ಮ ಅಭಿಪ್ರಾಯ.

ಇನ್ನು ನಮ್ಮ ಮಲೆನಾಡಿನ ವಿಷಯ. 1951ರ ತೋಟ ಕಾರ್ಮಿಕರ ಕಾಯಿದೆ, ಆಳುಗಳಿಗೆ ಮನೆ ಒದಗಿಸುವ ಹೊಣೆಯನ್ನು ಕಾಫಿ, ಟೀ ಮೊದಲಾದ ತೋಟಗಳ ಮಾಲೀಕರ ಮೇಲೆ ಹೊರಿಸಿತು. 1981ರ ತಿದ್ದುಪಡಿ ಅದಕ್ಕೆ ಮಹತ್ವದ ಒಂದಂಶವನ್ನು ಸೇರಿಸಿತು. ಹಾಗೆ ಕೊಟ್ಟ ಮನೆ ಕುಸಿದು ಆಳಾಗಲಿ ಅವನ ಮನೆಯವರಾಗಲಿ ಸತ್ತರೆ, ಗಾಯಗೊಂಡರೆ, ಕಾರ್ಮಿಕರ ಪರಿಹಾರ ಕಾಯಿದೆಯ ಲೆಕ್ಕದಂತೆಯೇ ಮಾಲೀಕನು ಪರಿಹಾರ ಕೊಡತಕ್ಕದ್ದು. ಇಲ್ಲಿ ದುಡಿಯದ ಮಗುವಿಗೂ ಮುದುಕಿಗೂ ರಕ್ಷಣೆ ದೊರೆಯಿತೆಂಬುದು ಗಮನಾರ್ಹ. ಕುಸಿತಕ್ಕೆ ವಾಸಿಗಳ ತಪ್ಪೊಂದೇ ಅಥವಾ ನೈಸರ್ಗಿಕ ವಿಪತ್ತೊಂದೇ ಕಾರಣವಾಗಿದ್ದರೆ ಮಾತ್ರ ಮಾಲೀಕನಿಗೆ ವಿನಾಯಿತಿ. ವರ್ಷವರ್ಷವೂ ಆಷಾಢದಲ್ಲಿ ಸುರಿಯುವ ಮಳೆಯನ್ನೇ ವಿಪತ್ತೆಂದು ಕರೆಯಬಹುದೇ? ಬರುವುದೆಂದು ಎಲ್ಲರೂ ಬಲ್ಲ ಮಳೆಗೆ ತಡೆಯುವಂತೆ ಗೋಡೆ ಕಟ್ಟುವುದು, ಮಾಡು ಹೊದಿಸುವುದು ಮನೆ ಕೊಟ್ಟವನ ಕರ್ತವ್ಯವೆಂದೇ ನಾವು ತಿಳಿಯುತ್ತೇವೆ.

2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು 1923ರ ಕಾಯಿದೆಯ ಸ್ಥಾನವನ್ನು ಪಡೆಯಿತು. ಅದಕ್ಕೆ ಹಿಂದಿನ ಅಪಘಾತಗಳ ಹಕ್ಕುಗಳು ಹಳೆಯ ಕಾಯಿದೆಯಂತೆಯೇ ನಿರ್ಣಯವಾಗತಕ್ಕವು. ಸಂಹಿತೆಯ ಏಳನೆಯ ಅಧ್ಯಾಯದಲ್ಲಿ ಹಳೆಯ ಮೂಲತತ್ತ್ವಗಳು ಉಳಿದಿವೆ. ತೋಟದ ಮನೆಗಳ ಕುಸಿತದ ಹೊಣೆಯೂ ಅಲ್ಲಿಯೇ ಸೇರಿದೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ, ಉದ್ಯೋಗಕ್ಕೆ ಸಂಬಂಧಿಸಿ ಆಗುವ ಅಪಘಾತವನ್ನೂ ಅದು ಒಳಗೊಂಡಿದೆ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕಾಗಿ 1996ರ ಕಾಯಿದೆಗಳು ಏರ್ಪಡಿಸಿದ್ದ ಸುಂಕ, ಮಂಡಳಿಗಳ ವ್ಯವಸ್ಥೆಯೂ ಇದೇ ಸಂಹಿತೆಗೆ ಬಂದಿದೆ.

ಹಕ್ಕು ಬರಹದಲ್ಲಿದ್ದ ಮಾತ್ರಕ್ಕೆ ಕೈಗೆ ಬರುವುದಿಲ್ಲ. ಕೂಲಿ ಎಷ್ಟು, ದುಡಿಸಿದವರಾರು ಎಂಬುದಕ್ಕೆ ಆಧಾರ ಬೇಕು. ಇತಿಹಾಸದ ವಿದ್ಯಾರ್ಥಿಗೆ ದಾಖಲೆಯ ಬೆಲೆಯನ್ನು ಹೇಳಬೇಕಾದುದಿಲ್ಲ. ಹಾಜರಿ ಪುಸ್ತಕ, ಕೂಲಿಯ ಚೀಟಿ, ಮೇಸ್ತ್ರಿಯ ಲೆಕ್ಕ, ಬ್ಯಾಂಕಿನ ಪಾಸುಪುಸ್ತಕ, ಮಂಡಳಿಯ ನೋಂದಣಿ ಇವೆಲ್ಲ ಕೂಲಿಕಾರನ ಪಾಲಿನ ಶಾಸನಗಳೇ. ನಮ್ಮ ಕಾಲೇಜುಗಳಿಗೆ ಬರುವ ಅನೇಕರ ತಂದೆತಾಯಿಗಳು ಇಂಥ ಕೆಲಸಗಳಲ್ಲಿ ದುಡಿಯುವವರು. ಮನೆಯಲ್ಲಿ ಆ ಕಾಗದಗಳನ್ನು ಜೋಪಾನವಾಗಿ ತೆಗೆದಿಡಿಸುವ, ಆಪತ್ತು ಬಂದಾಗ ಎರಡು ವರ್ಷದ ಅವಧಿ ಮೀರದಂತೆ ಅರ್ಜಿ ಬರೆದುಕೊಡುವ ಕೆಲಸವನ್ನು ಓದುಬಲ್ಲ ಮಕ್ಕಳೂ ಅವರ ಅಧ್ಯಾಪಕರೂ ಮಾಡಬಲ್ಲರು.