ಡಯಾಲಿಸಿಸ್ ಮತ್ತು ಹೆಪಾರಿನ್: ಮನೆಯವರು ತಿಳಿದಿರಬೇಕಾದುದು

ನಂಜನಗೂಡು ಹಾಗೂ ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಭಕ್ತಕುಟುಂಬಗಳಲ್ಲಿ, ಮೂತ್ರಪಿಂಡಗಳು ಸೋತವರು ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಹೋಗಿಬರುವುದು ಈಗ ಅಪರೂಪದ ಸಂಗತಿಯಲ್ಲ. ಒಂದು ಕಾಲದಲ್ಲಿ ಇದಕ್ಕಾಗಿ ಮೈಸೂರಿಗೇ ಹೋಗಬೇಕಿತ್ತು. ಇಂದು ತಾಲ್ಲೂಕು ಆಸ್ಪತ್ರೆಗಳವರೆಗೂ ಈ ಚಿಕಿತ್ಸೆ ಬಂದಿದೆ. ಆಗ ಕೊಡುವ ಹೆಪಾರಿನ್ ಎಂಬ ಚುಚ್ಚುಮದ್ದು ಏಕೆ ಬೇಕು, ಅದು ಯಾವುದರಿಂದ ಆದದ್ದು ಎಂದು ಭಕ್ತರು ನಮ್ಮನ್ನು ಕೇಳುವುದುಂಟು.

ರಕ್ತವು ನಾಳದೊಳಗಿರುವಾಗ ದ್ರವ. ಅನ್ಯವಸ್ತು ಸೋಂಕಿದೊಡನೆ ಹೆಪ್ಪುಗಟ್ಟತೊಡಗುವುದು ಅದರ ಸ್ವಭಾವ. ಗದ್ದೆಯಲ್ಲಿ ಕುಡುಗೋಲು ತಾಗಿದಾಗ ನಮ್ಮನ್ನು ಕಾಯುವ ಈ ಗುಣವೇ ಡಯಾಲಿಸಿಸ್‌ನಲ್ಲಿ ತೊಡಕಾಗುತ್ತದೆ. ನಿಮಿಷಕ್ಕೆ ಸುಮಾರು 200ರಿಂದ 300 ಮಿಲಿಲೀಟರಿನಂತೆ, ನಾಲ್ಕು ಗಂಟೆಗಳ ಕಾಲ ರಕ್ತವು ಕೂದಲೆಳೆಯಂತಹ ಸಾವಿರಾರು ಟೊಳ್ಳು ನಾಳಗಳ ಮೂಲಕ ಹರಿಯಬೇಕು. ಅವು ಕಟ್ಟಿಕೊಂಡರೆ ಶುದ್ಧೀಕರಣ ಕುಂಠಿತವಾಗುವುದಲ್ಲದೆ, ಒಳಗೆ ಸಿಲುಕಿದ ರಕ್ತವೂ ರೋಗಿಗೆ ಮರಳದು. ಮೊದಲೇ ರಕ್ತಹೀನತೆಯಿಂದ ಬಳಲುವವರಿಗೆ ಅದು ಸಣ್ಣ ನಷ್ಟವಲ್ಲ.

ಜಿಗಣೆ ಕಚ್ಚಿದ ಗಾಯದಿಂದ ರಕ್ತ ಬಹಳ ಹೊತ್ತು ಒಸರುವುದನ್ನು ನಮ್ಮ ರೈತರು ಬಲ್ಲರು. 1924ರಲ್ಲಿ ಜರ್ಮನಿಯ ಗೇಯಾರ್ಗ್ ಹಾಸ್ ಎಂಬ ವೈದ್ಯರು ಮನುಷ್ಯನಿಗೆ ಮೊತ್ತಮೊದಲು ಡಯಾಲಿಸಿಸ್ ಮಾಡಿದಾಗ ಬಳಸಿದ್ದು ಜಿಗಣೆಯ ಆ ಸತ್ವವನ್ನೇ. ಅದಕ್ಕೂ ಮುನ್ನ, 1916ರಲ್ಲಿ, ಅಮೆರಿಕದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯವಿದ್ಯಾರ್ಥಿ ರಕ್ತ ಹೆಪ್ಪುಗಟ್ಟಿಸುವ ಪದಾರ್ಥವನ್ನು ಅರಸುತ್ತಿದ್ದಾಗ, ನಾಯಿಯ ಯಕೃತ್ತಿನಲ್ಲಿ ಅದಕ್ಕೆ ತದ್ವಿರುದ್ಧವಾದುದು ದೊರೆಯಿತು. ಯಕೃತ್ತಿನ ಗ್ರೀಕ್ ಹೆಸರಿನಿಂದಲೇ ಹೆಪಾರಿನ್ ಎಂಬ ಮಾತು ಹುಟ್ಟಿತು.

ಇಂದಿನ ಹೆಪಾರಿನ್ ಬಹುಮಟ್ಟಿಗೆ ಹಂದಿಯ ಕರುಳಿನ ಒಳಪೊರೆಯಿಂದ ತಯಾರಾಗುತ್ತದೆ. ಕೆಲವೆಡೆ ದನದ ಅಂಗಾಂಶದಿಂದಲೂ ಉಂಟು. ಶಾಕಾಹಾರವನ್ನು ವ್ರತದಂತೆ ನಡೆಸಿಕೊಂಡು ಬಂದ ಮನೆಗಳಲ್ಲಿ ಇದನ್ನು ಕೇಳಿ ಹಿರಿಯರು ಮನನೊಂದರೆ ನಾವು ಹಗುರವಾಗಿ ಕಾಣಲಾರೆವು. ಆದರೆ ಔಷಧವು ನಾಲಗೆಯ ಚಪಲಕ್ಕೆ ಸೇವಿಸುವ ಆಹಾರವಲ್ಲ. ಪ್ರಾಣರಕ್ಷಣೆಗಾಗಿ ಅದನ್ನು ಪಡೆಯುವುದರಲ್ಲಿ ದೋಷವಿಲ್ಲವೆಂಬುದು ನಮ್ಮ ಅಭಿಪ್ರಾಯ. ಒಪ್ಪದವರು ಚಿಕಿತ್ಸೆಯನ್ನೇ ತಪ್ಪಿಸದೆ ವೈದ್ಯರಲ್ಲಿ ಹೇಳಿಕೊಳ್ಳಲಿ. ಆಗಾಗ ಲವಣದ್ರಾವಣ ಹಾಯಿಸಿ ನಾಳಗಳನ್ನು ತೊಳೆಯುತ್ತಾ, ಹೆಪಾರಿನ್ ಇಲ್ಲದೆಯೇ ನಡೆಸುವ ಕ್ರಮವಿದೆ. ಸಿಟ್ರೇಟ್ ಬಳಸುವ ಕ್ರಮವೂ ಇದೆ. ಆದರೆ ಮೊದಲನೆಯದರಲ್ಲಿ ಹೆಪ್ಪುಗಟ್ಟುವ ಸಂಭವ ಹೆಚ್ಚು. ಎರಡನೆಯದಕ್ಕೆ ರಕ್ತದ ಸುಣ್ಣಾಂಶವನ್ನು ಪದೇ ಪದೇ ಪರೀಕ್ಷಿಸಬೇಕು, ಎಲ್ಲೆಡೆ ದೊರೆಯುವಂಥದೂ ಅಲ್ಲ.

ನಮಗೆ ಇದಕ್ಕಿಂತ ಕಳವಳದ ಸಂಗತಿ ಮುಚ್ಚಿಡುವುದು. ಹಲ್ಲು ಕೀಳಿಸಿದ್ದು, ಬಿದ್ದು ತಲೆಗೆ ಪೆಟ್ಟಾದದ್ದು, ಮಲ ಕಪ್ಪಾಗಿರುವುದು, ಹೆಣ್ಣುಮಕ್ಕಳ ಅತಿ ಮುಟ್ಟು, ಸಮೀಪದಲ್ಲಿರುವ ಶಸ್ತ್ರಚಿಕಿತ್ಸೆ—ಇವನ್ನು ಸೂಜಿ ಚುಚ್ಚುವ ಮೊದಲೇ ಹೇಳಬೇಕು. ಸಂಕೋಚ ಸಲ್ಲದು. ಇವುಗಳ ಮೇಲಿಂದಲೇ ವೈದ್ಯರು ಹೆಪಾರಿನ್ ತಗ್ಗಿಸುತ್ತಾರೆ, ಇಲ್ಲವೇ ಬಿಟ್ಟುಬಿಡುತ್ತಾರೆ. ಹಿಂದೆ ಹೆಪಾರಿನ್‌ನಿಂದ ರಕ್ತದ ಪ್ಲೇಟ್‌ಲೆಟ್ ಕುಸಿದಿದ್ದರೆ ಆ ಚೀಟಿಯನ್ನು ತಪ್ಪದೆ ತೋರಿಸಬೇಕು.

ಔಷಧದ ಪ್ರಭಾವ ಚಿಕಿತ್ಸೆ ಮುಗಿದೊಡನೆ ಅಡಗದು. ಕೆಲವು ಗಂಟೆಗಳು ಉಳಿದಿರುತ್ತದೆ. ಸೂಜಿ ತೆಗೆದ ಜಾಗವನ್ನು ಹತ್ತು ಹದಿನೈದು ನಿಮಿಷ ಮೆಲ್ಲನೆ ಒತ್ತಿ ಹಿಡಿದು, ರಕ್ತ ಪೂರ್ಣವಾಗಿ ನಿಂತ ಮೇಲೆಯೇ ಊರಿನ ಬಸ್ಸು ಹತ್ತಬೇಕು. ದಾರಿಯಲ್ಲಿ ಮತ್ತೆ ಒಸರಿದರೆ ಬಿಡದೆ ಒತ್ತಿ ಹಿಡಿದುಕೊಂಡು ಸಮೀಪದ ಆಸ್ಪತ್ರೆಗೆ ಹೋಗಬೇಕು.