ದ್ವೀಪಯಾತ್ರೆಯ ಗಂಟುಮೂಟೆ

ಪ್ರಯಾಣಕ್ಕೆ ಹೊರಟವನು ಪೆಟ್ಟಿಗೆಯನ್ನು ತುಂಬುವಾಗ, ತಾನು ಸೇರಲಿರುವ ಊರಿನ ಹವೆಗಿಂತ ತಾನು ಬಿಟ್ಟುಹೋಗುವ ಊರಿನ ಹವೆಯನ್ನೇ ಹೆಚ್ಚಾಗಿ ನೆನೆಯುತ್ತಾನೆ. ನೆರೆಯೂರಿಗೆ ಹೋಗುವಾಗ ಇದರಿಂದ ಬಾಧಕವಿಲ್ಲ. ಆದರೆ ರಾಯಬಾಗ, ಅಥಣಿ, ಚಿಕ್ಕೋಡಿಗಳಂಥ ಬಯಲುಸೀಮೆಯಿಂದ ಲಕ್ಷದ್ವೀಪದಂಥ ಕಡಲ ನಡುವಣ ನೆಲಕ್ಕೆ ಹೋಗುವವರು ಒಂದು ಬಗೆಯ ವಾಯುವನ್ನು ತೊರೆದು ಮತ್ತೊಂದು ಬಗೆಯ ವಾಯುವನ್ನು ಹೊಗುತ್ತಾರೆಂದೇ ಹೇಳಬೇಕು. ರಜೆಯಲ್ಲಿ ಇಂಥ ಯಾತ್ರೆಯನ್ನು ಯೋಚಿಸುತ್ತಿರುವ ವಾಚಕರಿಗಾಗಿ, ಗಂಟಿನಲ್ಲಿ ಏನಿರಬೇಕು, ಏಕಿರಬೇಕು ಎಂಬುದನ್ನು ಭೌತವಿಜ್ಞಾನದ ಬೆಳಕಿನಲ್ಲಿ ವಿಚಾರಿಸೋಣ.

ಬೆವರು ಮತ್ತು ಬಟ್ಟೆ

ನಕ್ಷೆಯ ಮೇಲೆ ನೇರ ಗೆರೆಯೆಳೆದರೆ ರಾಯಬಾಗಕ್ಕೂ ಅರಬ್ಬೀ ಸಮುದ್ರಕ್ಕೂ ಸುಮಾರು 140 ಕಿಲೋಮೀಟರುಗಳ ಅಂತರ ಮಾತ್ರ. ಆದರೆ ನಡುವೆ ಸಹ್ಯಾದ್ರಿ ಅಡ್ಡ ನಿಂತಿದೆ. ಕಡಲಿನಿಂದ ಬರುವ ಗಾಳಿ ತನ್ನ ತೇವದ ಬಹುಭಾಗವನ್ನು ಆ ಬೆಟ್ಟಸಾಲಿನ ಮೇಲೆಯೇ ಸುರಿದು, ಒಣಗಿ ನಮ್ಮ ಕಡೆಗೆ ಇಳಿಯುತ್ತದೆ. ಬೇಸಗೆಯಲ್ಲಿ ನಮ್ಮಲ್ಲಿ ಉಷ್ಣಮಾನ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ ಗಾಳಿ ಒಣಗಿರುವುದರಿಂದ ಬೆವರು ಬೇಗನೆ ಆವಿಯಾಗುತ್ತದೆ. ಒಂದು ಲೀಟರು ಬೆವರು ಮೈಮೇಲೆ ಆವಿಯಾದರೆ ಅದು ಸುಮಾರು 24 ಲಕ್ಷ ಜೌಲುಗಳಷ್ಟು ಶಾಖವನ್ನು ದೇಹದಿಂದ ಹೀರಿಕೊಂಡು ಹೋಗುತ್ತದೆ. ಮಣ್ಣಿನ ಹೂಜಿ ನೀರನ್ನು ತಂಪಾಗಿಡುವುದೂ ಇದೇ ನಿಯಮದಿಂದ.

ಎರಡು ಊರುಗಳ ಹವೆಯನ್ನು ಹೋಲಿಸಬೇಕಾದರೆ ಉಷ್ಣಮಾಪಕದ ಬುರುಡೆಗೆ ಒದ್ದೆ ಬಟ್ಟೆಯನ್ನು ಸುತ್ತಿ ನೋಡಬೇಕು. ಉಷ್ಣಮಾನ 40 ಡಿಗ್ರಿ, ಆರ್ದ್ರತೆ ನೂರಕ್ಕೆ 20 ಇದ್ದಾಗ ಈ ಒದ್ದೆ ಮಾಪಕವು ಸುಮಾರು 23 ಡಿಗ್ರಿಗೆ ಇಳಿಯುತ್ತದೆ. ಕಡಲ ಮಗ್ಗುಲಲ್ಲಿ ಉಷ್ಣಮಾನ 32 ಡಿಗ್ರಿಯೇ ಇದ್ದರೂ, ಆರ್ದ್ರತೆ ನೂರಕ್ಕೆ 80 ಆಗಿದ್ದರೆ ಅದು ಸುಮಾರು 29 ಡಿಗ್ರಿಯಲ್ಲೇ ನಿಂತುಬಿಡುತ್ತದೆ. ಎಂದರೆ, ಬಿಸಿಲು ಕಡಿಮೆಯಾಗಿ ಕಂಡರೂ ದೇಹವು ತಣಿಯುವ ಅವಕಾಶ ಕುಗ್ಗಿದೆ. ಬೆವರು ಹರಿದುಹೋಗುವುದೇ ಹೊರತು ಆರುವುದಿಲ್ಲ.

ಆದುದರಿಂದ ದಪ್ಪ ಬಟ್ಟೆಗಳನ್ನು ಮನೆಯಲ್ಲಿಯೇ ಬಿಡುವುದು ಲೇಸು. ತೆಳುವಾದ, ಸಡಿಲವಾದ, ತಿಳಿಬಣ್ಣದ ಹತ್ತಿಯ ಉಡುಪುಗಳು ಇರಲಿ; ಹತ್ತಿ ಅಲ್ಲಿ ನಿಧಾನವಾಗಿ ಒಣಗುವುದರಿಂದ ಒಂದೆರಡು ಜೊತೆ ಹೆಚ್ಚಾಗಿಯೇ ಇರಲಿ. ನೀರಿಗಿಳಿಯಲು ಮಾತ್ರ ಪಾಲಿಯೆಸ್ಟರ್ ಅಥವಾ ನೈಲಾನ್ ಉಡುಪು ಮೇಲು. ಅವುಗಳ ಎಳೆಗಳು ನೀರನ್ನು ಹೆಚ್ಚಾಗಿ ಹೀರುವುದಿಲ್ಲ, ಬೇಗ ಒಣಗುತ್ತವೆ. ಸೀರೆ, ಧೋತರಗಳನ್ನುಟ್ಟು ಅಲೆಗೆ ಇಳಿಯುವುದು ಅಪಾಯಕರ. ಒದ್ದೆ ಬಟ್ಟೆ ಕಾಲಿಗೆ ಸುತ್ತಿಕೊಂಡು ನಡಿಗೆಯನ್ನೂ ಈಜನ್ನೂ ತಡೆಯುತ್ತದೆ.

ಉಪ್ಪಿನ ಉಪದ್ರವ

ಒಂದು ಕಿಲೋಗ್ರಾಂ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅವುಗಳಲ್ಲಿ ಅಡಿಗೆಯ ಉಪ್ಪೇ ಪ್ರಧಾನ. ಮೆಗ್ನೀಸಿಯಂ ಲವಣಗಳೂ ಉಂಟು. ಗಾಳಿಯ ಆರ್ದ್ರತೆ ನೂರಕ್ಕೆ 75ನ್ನು ಮೀರಿದಾಗ ಅಡಿಗೆಯ ಉಪ್ಪು ತೇವವನ್ನು ಎಳೆದು ನೀರೊಡೆಯುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒಸರುವುದನ್ನು ಗೃಹಿಣಿಯರೆಲ್ಲ ಬಲ್ಲರು. ಮೆಗ್ನೀಸಿಯಂ ಕ್ಲೋರೈಡಿಗಂತೂ ಇದರ ಅರ್ಧದಷ್ಟು ಆರ್ದ್ರತೆಯೂ ಬೇಕಾಗಿಲ್ಲ. ಕಡಲಲ್ಲಿ ನೆನೆದ ಬಟ್ಟೆಯನ್ನು ಸಿಹಿನೀರಿನಲ್ಲಿ ಜಾಲಿಸದೆ ಹರವಿದರೆ ಅದು ಪೂರ್ತಿ ಒಣಗದೆ ಜಿಗುಟಾಗಿಯೇ ಉಳಿಯುವುದು ಈ ಕಾರಣದಿಂದ.

ನಮ್ಮ ಭಾಗದ ಎರಡು ಹೆಮ್ಮೆಯ ವಸ್ತುಗಳಿಗೆ ಈ ಹವೆ ಹಿಡಿಸುವುದಿಲ್ಲ. ಕೊಲ್ಹಾಪುರಿ ಎಂದು ಹೆಸರಾದ ತೊಗಲಿನ ಚಪ್ಪಲಿಗಳು ಅಥಣಿ, ನಿಪ್ಪಾಣಿಗಳಲ್ಲಿಯೂ ತಯಾರಾಗುತ್ತವೆ. ಅವುಗಳ ಭೌಗೋಳಿಕ ಸೂಚಿಯ ಮಾನ್ಯತೆಯಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ. ಒಣನೆಲಕ್ಕೆ ಇದಕ್ಕಿಂತ ಒಳ್ಳೆಯ ಪಾದರಕ್ಷೆ ದುರ್ಲಭ. ಆದರೆ ಉಪ್ಪುನೀರು ತಾಗಿದ ತೊಗಲು ಮೊದಲು ಉಬ್ಬಿ, ಆಮೇಲೆ ಒಣಗುವಾಗ ಬಿರುಸಾಗಿ ಸೀಳುತ್ತದೆ. ದ್ವೀಪಕ್ಕೆ ರಬ್ಬರಿನ ಚಪ್ಪಲಿಯೇ ಯೋಗ್ಯ. ನೀರಿಗಿಳಿಯಲು, ಹರಿತವಾದ ಹವಳದ ಚೂರುಗಳಿಂದ ಅಂಗಾಲನ್ನು ಕಾಯುವಂಥ ರಬ್ಬರು ಬೂಟುಗಳಿದ್ದರೆ ಇನ್ನೂ ಒಳ್ಳೆಯದು.

ಎರಡನೆಯದು ಖಡಕ್ ಜೋಳದ ರೊಟ್ಟಿ. ನಮ್ಮಲ್ಲಿ ಅದು ವಾರಗಟ್ಟಲೆ ಕೆಡದಿರುವುದಕ್ಕೆ ಅದರಲ್ಲಿ ಬೂಷ್ಟು ಬೆಳೆಯುವಷ್ಟು ನೀರಿಲ್ಲದಿರುವುದೇ ಕಾರಣ. ಕಡಲಗಾಳಿಗೆ ತೆರೆದಿಟ್ಟರೆ ಅದು ತೇವವನ್ನು ಹೀರಿ ಮೆತ್ತಗಾಗಿ ಬೂಷ್ಟಿಗೆ ಆಶ್ರಯವಾಗುತ್ತದೆ. ರೊಟ್ಟಿ, ಶೇಂಗಾ ಚಟ್ನಿಪುಡಿಗಳನ್ನು ಒಯ್ಯಬಾರದೆಂದಲ್ಲ. ಬಿಗಿಮುಚ್ಚಳದ ಡಬ್ಬಿಗಳಲ್ಲಿ, ಒಂದೊಂದು ದಿನಕ್ಕೆ ಬೇಕಾದಷ್ಟನ್ನು ಬೇರೆ ಬೇರೆಯಾಗಿ ಕಟ್ಟಿ ಒಯ್ಯಬೇಕು.

ಕ್ಯಾಮರಾ, ಮೊಬೈಲುಗಳ ವಿಷಯದಲ್ಲಿಯೂ ಎಚ್ಚರ ಬೇಕು. 31 ಡಿಗ್ರಿಯ, ನೂರಕ್ಕೆ 80ರ ಆರ್ದ್ರತೆಯ ಗಾಳಿ ಸುಮಾರು 27 ಡಿಗ್ರಿಗೆ ತಣಿದರೆ ಸಾಕು, ಇಬ್ಬನಿ ಕಟ್ಟುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ 22 ಡಿಗ್ರಿಗೆ ತಣಿದ ಕ್ಯಾಮರಾವನ್ನು ಒಮ್ಮೆಗೇ ಹೊರಗೆ ತಂದರೆ ಅದರ ಮಸೂರದ ಮೇಲೆ ನೀರು ಕೂಡುವುದು ಇದರಿಂದ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ ಹೊರತಂದು, ಅದು ಹೊರಗಿನ ಶಾಖಕ್ಕೆ ಬಂದ ಬಳಿಕ ಚೀಲವನ್ನು ತೆರೆದರೆ ತೊಂದರೆಯಿಲ್ಲ. ಅದೇ ಬಗೆಯ ಚೀಲದಲ್ಲಿ ಔಷಧಗಳನ್ನೂ, ಲಕ್ಷದ್ವೀಪಕ್ಕೆ ಬೇಕಾಗುವ ಪ್ರವೇಶಪತ್ರವನ್ನೂ ಇಡತಕ್ಕದ್ದು.

ಕಾಣದ ಬಿಸಿಲು

ಬಯಲಿನಲ್ಲಿ ದುಡಿದು ಬಿಸಿಲಿಗೆ ಒಗ್ಗಿದವರಿಗೆ ಕಡಲ ಬಿಸಿಲೇನು ಮಾಡೀತು ಎಂದು ಕೆಲವರು ಕೇಳಬಹುದು. ಚರ್ಮವನ್ನು ಸುಡುವುದು ಬಿಸಿಲಿನ ಶಾಖವಲ್ಲ. ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು. ತಂಗಾಳಿ ಬೀಸುತ್ತಿರುವಾಗ ಶಾಖದ ಅರಿವಾಗದಿದ್ದರೂ ಈ ಕಿರಣಗಳು ತಮ್ಮ ಕೆಲಸವನ್ನು ಬಿಡುವುದಿಲ್ಲ. ಒಣ ಮರಳು ಅವುಗಳಲ್ಲಿ ನೂರಕ್ಕೆ ಸುಮಾರು 15 ಪಾಲನ್ನೂ, ಅಲೆಯ ನೊರೆ ಸುಮಾರು 25 ಪಾಲನ್ನೂ ಹಿಂದಕ್ಕೆ ಎಸೆಯುತ್ತವೆ. ಇದಲ್ಲದೆ ಆಕಾಶವನ್ನು ನೀಲಿಯಾಗಿ ಕಾಣಿಸುವ ಬೆಳಕಿನ ಚದರಿಕೆಯು ಅತಿನೇರಳೆ ಕಿರಣಗಳಲ್ಲಿ ಇನ್ನೂ ಪ್ರಬಲ. ಆದಕಾರಣ ಕೊಡೆಯ ನೆರಳಿನಲ್ಲಿ ಕುಳಿತವನ ಮೇಲೂ ಅವು ಆಕಾಶದ ಎಲ್ಲ ದಿಕ್ಕುಗಳಿಂದ ಬೀಳುತ್ತವೆ.

ಅಗಲ ಅಂಚಿನ ಟೊಪ್ಪಿಗೆ, ತುಂಬುತೋಳಿನ ಅಂಗಿ, ಅತಿನೇರಳೆ ಕಿರಣಗಳನ್ನು ತಡೆಯುವ ಕಪ್ಪು ಕನ್ನಡಕ, ಇವು ಮೂರು ಮೊದಲ ರಕ್ಷಣೆ. ಬಟ್ಟೆ ಮುಚ್ಚದ ಭಾಗಕ್ಕೆ ಸನ್‌ಸ್ಕ್ರೀನ್ ಲೇಪ ಬೇಕು. ಅದರ ಮೇಲೆ 30 ಎಂಬ ಅಂಕಿಯಿದ್ದರೆ, ಸಾಕಷ್ಟು ದಪ್ಪವಾಗಿ ಹಚ್ಚಿದಾಗ ಸುಡುವ ಕಿರಣಗಳ ಮೂವತ್ತರಲ್ಲೊಂದು ಪಾಲು ಮಾತ್ರ ಒಳಹೋಗುತ್ತದೆಂದು ತಿಳಿಯಬೇಕು. ಎರಡು ಗಂಟೆಗೊಮ್ಮೆ, ಮತ್ತು ನೀರಿನಿಂದ ಎದ್ದಾಗಲೆಲ್ಲ, ಅದನ್ನು ಮತ್ತೆ ಹಚ್ಚಬೇಕು.

ನೀರಿನ ನಡುವೆ ನೀರಿಲ್ಲ

ಲಕ್ಷದ್ವೀಪದ ನೆಲವೆಲ್ಲ ಸೇರಿದರೂ ಸುಮಾರು 32 ಚದರ ಕಿಲೋಮೀಟರು. ಹೊಳೆಯಿಲ್ಲ, ಕೆರೆಯಿಲ್ಲ. ಮಳೆಯ ನೀರು ಹವಳದ ಮರಳಿನಲ್ಲಿ ಇಳಿದು, ಅಡಿಯ ಉಪ್ಪುನೀರಿನ ಮೇಲೆ ಮಸೂರದ ಆಕಾರದಲ್ಲಿ ತೇಲುತ್ತಿರುತ್ತದೆ. ಸಿಹಿನೀರು ಹಗುರವಾದುದರಿಂದಲೇ ಇದು ಸಾಧ್ಯ. ಮಿತಿಮೀರಿ ಸೇದಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಈ ಅಭಾವವನ್ನು ನೀಗಲು ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು 2005ರಲ್ಲಿ ಕವರತ್ತಿಯಲ್ಲಿ ಒಂದು ಸ್ಥಾವರವನ್ನು ಸ್ಥಾಪಿಸಿತು. ಕಡಲಿನ ಮೇಲ್ಮೈಯ ಬೆಚ್ಚನೆಯ ನೀರು ಅಲ್ಲಿ ನಿರ್ವಾತದಲ್ಲಿ ಆವಿಯಾಗುತ್ತದೆ. ಸುಮಾರು 350 ಮೀಟರು ಆಳದಿಂದ ತಂದ ತಣ್ಣೀರು ಆ ಆವಿಯನ್ನು ಸಿಹಿನೀರಾಗಿಸುತ್ತದೆ. ದಿನಕ್ಕೆ ಒಂದು ಲಕ್ಷ ಲೀಟರು ಅದರ ಸಾಮರ್ಥ್ಯ. ಹೀಗೆ ಕಷ್ಟದಿಂದ ದೊರೆಯುವ ನೀರನ್ನು ಅತಿಥಿಯು ಹಿತಮಿತವಾಗಿ ಬಳಸುವುದು ಧರ್ಮ. ಮತ್ತೆ ಮತ್ತೆ ತುಂಬಿಸಿಕೊಳ್ಳಬಹುದಾದ ಬಾಟಲಿಯೂ, ಬೆವರಿನಲ್ಲಿ ಹೋದ ಲವಣಗಳನ್ನು ತುಂಬುವ ಓಆರ್‌ಎಸ್ ಪೊಟ್ಟಣಗಳೂ ಗಂಟಿನಲ್ಲಿರಲಿ.

ಪೆಟ್ಟಿಗೆಯಲ್ಲಿ ಹಿಡಿಯದ ವಸ್ತು

2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಒಳನಾಡಿನ ಮಕ್ಕಳಿಗೆ ಕಡಲು ಹೊಸದು. ಅದರ ನಡತೆಯ ಅರಿವು ಉಡುಪಿಗಿಂತಲೂ ಊಟಕ್ಕಿಂತಲೂ ಮೊದಲು ಬೇಕಾದುದು.

ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರಿಗೆ ಕಡಲು ಸುಲಭವೆನಿಸಬಹುದು. ಉಪ್ಪುನೀರು ನೂರಕ್ಕೆ ಎರಡೂವರೆಯಷ್ಟು ಹೆಚ್ಚು ಸಾಂದ್ರವಾದ್ದರಿಂದ 60 ಕಿಲೋಗ್ರಾಂ ತೂಕದವನನ್ನು ಅದು ಒಂದೂವರೆ ಕಿಲೋಗ್ರಾಮಿನಷ್ಟು ಹೆಚ್ಚಾಗಿ ಎತ್ತಿ ಹಿಡಿಯುತ್ತದೆ. ಆದರೆ ಬಾವಿಯ ನೀರು ನಿಂತ ನೀರು. ಕಡಲಿನದು ನಡೆಯುವ ನೀರು. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲೇಬೇಕಷ್ಟೆ. ಅದು ಕಿರಿದಾದ ದಾರಿಗಳನ್ನು ಹಿಡಿದು, ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರುಗಳಷ್ಟು ವೇಗದಿಂದ ಹೊರಗೆ ಹರಿಯುತ್ತದೆ. ಈ ವೇಗವನ್ನು ಎದುರಿಸಿ ಯಾವ ಈಜುಗಾರನೂ ಬಹಳ ಹೊತ್ತು ಈಜಲಾರನು. ವಿಚಿತ್ರವೇನೆಂದರೆ ಇಂಥ ಸೆಳೆತದ ಜಾಗದಲ್ಲಿ ಅಲೆಗಳು ಕಡಿಮೆ ಒಡೆಯುವುದರಿಂದ, ಅರಿಯದವರಿಗೆ ಅದೇ ಶಾಂತವಾದ, ಇಳಿಯಲು ತಕ್ಕ ಸ್ಥಳವಾಗಿ ತೋರುತ್ತದೆ. ಹವಳದ ದಿಬ್ಬಗಳ ಕಂಡಿಗಳಲ್ಲಿಯೂ ನೀರು ಹೀಗೆಯೇ ಹೊರಗೆ ನುಗ್ಗುತ್ತದೆ.

ಸೆಳೆತಕ್ಕೆ ಸಿಕ್ಕಿದವನು ದಡದ ಕಡೆಗೆ ನೇರವಾಗಿ ಹೋರಾಡಬಾರದು. ಸೆಳೆತದ ಹರಹು ಕಿರಿದು. ದಡಕ್ಕೆ ಸಮಾಂತರವಾಗಿ ಸ್ವಲ್ಪ ದೂರ ಈಜಿ ಅದರಿಂದ ಹೊರಬಂದು, ಆಮೇಲೆ ದಡಕ್ಕೆ ತಿರುಗಬೇಕು. ಅದೂ ಆಗದಿದ್ದರೆ ಅಂಗಾತ ತೇಲುತ್ತ ಕೈಯೆತ್ತಿ ಸಹಾಯ ಕೇಳಬೇಕು. ಜೀವರಕ್ಷಕರಿಲ್ಲದ ಕಡೆ ನೀರಿಗಿಳಿಯದಿರುವುದೂ, ದೋಣಿಯಲ್ಲಿ ಕೊಟ್ಟ ಜೀವರಕ್ಷಕ ಜಾಕೀಟನ್ನು ಕಳಚದಿರುವುದೂ ಎಲ್ಲಕ್ಕಿಂತ ಮೇಲು. ಹೊರಡುವ ಹಿಂದಿನ ಸಂಜೆ ಮನೆಯ ಮಕ್ಕಳನ್ನು ಕೂಡಿಸಿಕೊಂಡು ಕಾಗದದ ಮೇಲೆ ದಡವನ್ನೂ ಸೆಳೆತವನ್ನೂ ಬರೆದು ತೋರಿಸಿದರೆ ಐದು ನಿಮಿಷವೂ ಹಿಡಿಯುವುದಿಲ್ಲ. ಪೆಟ್ಟಿಗೆಗೆ ಬೀಗ ಹಾಕುವ ಮುನ್ನ ಮಾಡಬೇಕಾದ ಕೊನೆಯ ಕೆಲಸ ಇದು.